ತಳ ಕಂಡ ಬಣ್ಣ

ಕಣ್ಣುರೆಪ್ಪೆಗೆ ಬಣ್ಣ ಹಚ್ಚುವ ನನ್ನ ಅಂಗಡಿಯ ಮೆಟ್ಟಿಲನ್ನು ಗಂಡಸರು ಹತ್ತುವುದು ಮದುವೆಗೆ ಮುಂಚೆ ಒಂದು ಸಲ, ಅದೂ ಹಿಂದೆ ಅಕ್ಕನೋ ಅತ್ತಿಗೆಯೋ ನಿಂತು ತಳ್ಳಿದರೆ. ಹೀಗಿರುವಾಗ ಸೈರನ್ ಓಬಳಯ್ಯನವರು ಮುನಿಸಿಪಾಲಿಟಿಯ ಖಾಕಿ ಅಂಗಿಯ ಗುಂಡಿಯನ್ನೆಲ್ಲ ಕತ್ತಿನ ತನಕ ಹಾಕಿಕೊಂಡು, ಎದೆಗೆ ಒಂದು ಡಬ್ಬಿ ಒತ್ತಿ ಹಿಡಿದು ಬಾಗಿಲಲ್ಲಿ ನಿಂತಾಗ ನಾನು ಅರೆಯುತ್ತಿದ್ದ ಪುಡಿಯನ್ನು ಹಾಗೇ ಬಿಟ್ಟು ಎದ್ದೆ. ಅರವತ್ತಕ್ಕೆ ಎರಡೋ ಮೂರೋ ಕಮ್ಮಿ ವಯಸ್ಸಿನ ಮನುಷ್ಯ. ಮುಖ ಸಪ್ಪಗಿತ್ತು.

ನಮ್ಮೂರಿನ ಬಿಳಿಹೊತ್ತು ಗೊತ್ತಿಲ್ಲದವರಿಗೆ ಅಷ್ಟು ಹೇಳಿಬಿಡುತ್ತೇನೆ. ಮಧ್ಯಾಹ್ನ ಊಟ ಮುಗಿಸಿ ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುವ ಹೊತ್ತಿಗೆ ಬೆಳಕು ಏರತೊಡಗುತ್ತದೆ. ಮೊದಲು ಗುಬ್ಬಿಗಳು ಸುಮ್ಮನಾಗುತ್ತವೆ. ಆಮೇಲೆ ಗೋಡೆಯ ನೆರಳುಗಳು ಕರಗುತ್ತವೆ. ಆಗ ಓಬಳಯ್ಯನವರು ಸೈರನ್ ತಿರುಗಿಸುತ್ತಾರೆ, ಊರಿಗೆ ಊರೇ ಕಣ್ಣು ಮುಚ್ಚಿಕೊಳ್ಳುತ್ತದೆ. ಬಸ್ಸು ಎಲ್ಲಿದೆಯೋ ಅಲ್ಲೇ ನಿಲ್ಲುತ್ತದೆ, ಮೇಷ್ಟರ ಕೈಯ ಚಾಕ್‌ಪೀಸು ಅರ್ಧ ಅಕ್ಷರಕ್ಕೇ ನಿಲ್ಲುತ್ತದೆ, ಒಲೆಯ ಮೇಲೆ ಹಾಲಿಟ್ಟವರು ಉರಿ ಆರಿಸಿ ಕೂರುತ್ತಾರೆ. ಕಳ್ಳರೂ ಮುಚ್ಚುತ್ತಾರೆ, ಆದ್ದರಿಂದ ಯಾರೂ ಬಾಗಿಲು ಹಾಕುವುದಿಲ್ಲ. ಇದು ಕಾಲು ಗಂಟೆಯ ಕಾಲ. ಆ ಹೊತ್ತಿನಲ್ಲಿ ಗಡಿಯಾರಗಳೂ ನಿಂತುಹೋಗುತ್ತವೆ, ಮೊಬೈಲು ಕಪ್ಪಾಗುತ್ತದೆ. ಅದಕ್ಕೇ ಸೈರನ್ ಕೋಣೆಯಲ್ಲಿ ಓಬಳಯ್ಯನವರು ಕಣ್ಣು ಮುಚ್ಚಿ ನಿಂತು ಒಂದರಿಂದ ಒಂಬೈನೂರರವರೆಗೆ ಎಣಿಸಿ ಎರಡನೇ ಸಲ ತಿರುಗಿಸುತ್ತಾರೆ. ಆಗ ಕಣ್ಣು ಬಿಡಬಹುದು. ಅಂಚೆಯ ಗುಂಡಾಚಾರಿ ಒಂದು ಸಲ, ಮುಗಿದಿರಬೇಕು ಎಂದು ಅಂದಾಜಿನ ಮೇಲೆ ಕಣ್ಣು ಬಿಟ್ಟ. ಹನ್ನೊಂದು ದಿನ ಅವನಿಗೆ ಹೆಂಡತಿಯ ಮುಖ ಕಾಣಲಿಲ್ಲ, ಬರೀ ಬಿಳುಪು. ಅಲ್ಲಿಂದೀಚೆಗೆ ಯಾರೂ ಅಂದಾಜು ಮಾಡುವುದಿಲ್ಲ.

ಮುಚ್ಚಿದ ಕಣ್ಣಿಗೆ ಏನು ಕಾಣಬೇಕು ಎನ್ನುವುದು ರೆಪ್ಪೆಯ ಮೇಲೆ ಏನಿದೆಯೋ ಅದಕ್ಕೆ ಬಿಟ್ಟದ್ದು. ಬರೀ ರೆಪ್ಪೆಗೆ ಕೆಂಪು, ಅಷ್ಟೇ. ನೀಲಿ ಹಚ್ಚಿದರೆ ನೀಲಿ, ಹಸಿರು ಹಚ್ಚಿದರೆ ಹಸಿರು, ಮಕ್ಕಳಿಗೆ ಅದೇ ಆಟ. ಒಂದು ಜಾಗ ಕಾಣಬೇಕಾದರೆ ಮಾತ್ರ ಮಣ್ಣಿನ ಬಣ್ಣಗಳೇ ಬೇಕು. ಕೆನೆ, ಗೋಧಿ, ಕಂದು, ತುಕ್ಕು, ಬೂದಿ. ನೋಡುವುದಕ್ಕೆ ಏನೂ ಹಚ್ಚೇ ಇಲ್ಲವೇನೋ ಅನ್ನಿಸುವಂಥ ಬಣ್ಣಗಳು. ರೆಪ್ಪೆಯ ಮೇಲೆ ತೆಳುವಾಗಿ ಎಳೆದ ಬಿಳುಪು ಅಲ್ಲಿ ಬಯಲಾಗುತ್ತದೆ. ರೆಪ್ಪೆಯ ಮಡಿಕೆಗೆ ಕೂರಿಸಿದ ಕಂದು ಗುಡ್ಡವಾಗುತ್ತದೆ. ಮೂಗಿನ ಪಕ್ಕದ ಮೂಲೆಗೆ ಒಂದಿಷ್ಟು ಮಿನುಗು ಇಟ್ಟರೆ ನೀರು. ಒಂದು ಬಣ್ಣ ಇನ್ನೊಂದಕ್ಕೆ ಎಲ್ಲಿ ಸೇರಿತು ಎಂದು ಯಾರಿಗೂ ತಿಳಿಯಬಾರದು, ಹಾಗೆ ಬ್ರಷ್ಷಿನಲ್ಲಿ ಬೆರೆಸುವುದೇ ವಿದ್ಯೆ. ಕಾಣುವುದು ಕನಸೂ ಅಲ್ಲ. ಆ ಜಾಗದಲ್ಲಿ ಆ ಗಳಿಗೆಗೆ ಏನು ನಡೆಯುತ್ತಿದೆಯೋ ಅದೇ. ದರ್ಜಿ ಮನೆಯ ಪಾರ್ವತಕ್ಕ ಮೂರು ಊರಾಚೆಯ ತಂಗಿಯ ಅಂಗಳದಲ್ಲಿ ಎಮ್ಮೆ ಹಪ್ಪಳ ತಿನ್ನುವುದನ್ನು ಇಲ್ಲಿ ಕೂತು ನೋಡಿ, ಕಾಲು ಗಂಟೆ ಏನೂ ಮಾಡಲಾಗದೆ ಕೈ ಹಿಸುಕಿಕೊಂಡದ್ದು ನನ್ನ ಕೈಯಿಂದ ಬಣ್ಣ ಹಚ್ಚಿಸಿಕೊಂಡೇ. ಒಂದೇ ಬಣ್ಣ, ಒಂದೇ ಕ್ರಮ ಇದ್ದರೆ ಇಬ್ಬರಿಗೂ ಒಂದೇ ಜಾಗ ಕಾಣುತ್ತದೆ. ಹಾಗಾಗಿಯೇ ಮದುವೆಗೆ ಮುಂಚೆ ಗಂಡು ಹೆಣ್ಣನ್ನು ಎದುರುಬದುರು ಕೂರಿಸಿ ನನ್ನಿಂದ ಹಚ್ಚಿಸುವುದು.

ಊರಿನ ಹೆಂಗಸರಲ್ಲಿ ನನ್ನ ಕೈಗೆ ಬರದೇ ಇದ್ದ ಒಂದೇ ಒಂದು ಜೊತೆ ರೆಪ್ಪೆ ಎಂದರೆ ಈ ಓಬಳಯ್ಯನವರ ಹೆಂಡತಿ ಚಂಪಕ್ಕನದು. ಆಕೆ ತನ್ನ ಕಣ್ಣಿಗೆ ತಾನೇ ಹಚ್ಚಿಕೊಳ್ಳುತ್ತಿದ್ದಳು. ಮದುವೆ ಮನೆಗಳಲ್ಲಿ ಬೇರೆಯವರು ಅವಳನ್ನು ನೋಡಿ, ಪಾಪ, ಏನೂ ಹಚ್ಚಿಲ್ಲ ಅನ್ನುತ್ತಿದ್ದರು. ಆ ಏನೂ ಇಲ್ಲದ್ದಕ್ಕೆ ಐವತ್ತು ಸಲ ಬ್ರಷ್ ಆಡಿರಬೇಕು ಎಂದು ಗೊತ್ತಿದ್ದವಳು ನಾನೊಬ್ಬಳೇ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ?

"ಸಾವಂತ್ರಮ್ಮ, ಒಂದ್ ಉಪಕಾರ ಆಗ್ಬೇಕಿತ್ತು," ಅಂದರು ಓಬಳಯ್ಯ. "ನಮ್ಮನೆಯೋಳ ವಿಷ್ಯ."

"ಒಳಗ್ ಬನ್ನಿ ಓಬಳಯ್ಯೋರೆ. ಮೆಟ್ಲ ಮೇಲೆ ನಿಂತು ಹೇಳೋ ಮಾತಾ ಅದು?"

ಚಂಪಕ್ಕನಿಗೆ ಲಕ್ವ ಹೊಡೆದದ್ದು ಊರಿಗೆಲ್ಲ ಗೊತ್ತಿತ್ತು. ಎರಡು ತಿಂಗಳಾಗಿತ್ತು. ಬಲಗೈ ಬಿದ್ದುಹೋಗಿತ್ತು, ಮಾತೂ ಹೋಗಿತ್ತು. ಬುದ್ಧಿ ಮಾತ್ರ ನೆಟ್ಟಗಿದೆ, ಎಲ್ಲ ತಿಳಿಯುತ್ತದೆ ಎಂದು ಓಬಳಯ್ಯ ಹೇಳಿದರು.

"ಬಿಳಿಹೊತ್ತು ಮುಗ್ಸಿ ನಾನು ಮನೆಗ್ ಬಂದ್ರೆ ಅವ್ಳ ಕಣ್ಣಲ್ಲಿ ನೀರು ಕಣಮ್ಮ. ದಿನಾ ಇದೇ. ಎಡಗೈ ಬೆರಳಲ್ಲಿ ಮಂಚ ಕುಟ್ತಿರ್ತಾಳೆ, ಒಳಗಿಂದ ಬಾಗ್ಲು ತಟ್ಟಿದ್ ಹಂಗೆ. ಬಣ್ಣ ಹಚ್ಚದೇನೂ ಬಿಟ್ಟಿಲ್ಲ ನಾನು. ದಿನಾ ಹಚ್ಚಿಬಿಟ್ಟೇ ಸೈರನ್ನಿಗ್ ಹೋಗೋದು."

"ನೀವು ಹಚ್ತೀರಾ?"

"ಯಾಕೆ, ಸೈರನ್ ಗೋಪುರಕ್ಕೆ ವರ್ಷಾವರ್ಷ ಬಣ್ಣ ಬಳಿಯೋನು ನಾನೇ ಅಲ್ವಾ? ಒಂದ್ ಕೂದ್ಲೆಳೆ ಆಚೀಚೆ ಹೋಗಲ್ಲ ನನ್ ಕೈ," ಅಂದರು. ಸ್ವಲ್ಪ ಹೆಮ್ಮೆ ಇತ್ತು ಮಾತಿನಲ್ಲಿ.

ಮರುದಿನ ಊಟದ ಹೊತ್ತಿಗೆ ಅವರ ಮನೆಗೆ ಹೋದೆ. ಸೈರನ್ ಗೋಪುರದ ಬೆನ್ನಿಗೇ ಅಂಟಿಕೊಂಡಂತಿರುವ ಎರಡು ಕೋಣೆಯ ಮನೆ. ಚಂಪಕ್ಕ ಕಬ್ಬಿಣದ ಮಂಚದ ಮೇಲೆ ದಿಂಬಿಗೆ ಒರಗಿದ್ದಳು. ಓಬಳಯ್ಯ ಆಗಷ್ಟೇ ಹಚ್ಚಿ ಮುಗಿಸಿದ್ದರು. ನಾನು ಆ ರೆಪ್ಪೆಗಳನ್ನು ನೋಡಿದೆ. ಬಿಳಿ ಒಂದು ಪಟ್ಟೆ, ಕಂದು ಒಂದು ಪಟ್ಟೆ, ತುಕ್ಕು ಒಂದು ಪಟ್ಟೆ. ಸ್ಕೇಲು ಇಟ್ಟು ಎಳೆದಂತೆ. ಅಂಚಿಗೆ ಅಂಚು ತಾಗಿಲ್ಲ, ಅಷ್ಟು ಚೊಕ್ಕಟ.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮ ಕಸುಬಿನಲ್ಲಿ ಕಲಿಯುವ ಮೊದಲ ಪಾಠವೇ ಅದು. ಬೆರೆಯದ ಅಂಚು ಒಳಗೆ ಗೋಡೆಯಾಗಿ ಕಾಣುತ್ತದೆ.

"ಓಬಳಯ್ಯೋರೆ," ಅಂದೆ, "ಎರಡ್ ತಿಂಗ್ಳಿಂದ ನೀವು ಇವ್ರನ್ನ ದಿನಾ ಕಾಲ್ ಗಂಟೆ ಗೋಡೆ ಕಟ್ಟಿ ಒಳಗಡೆ ಕೂರಿಸ್ತಿದ್ದೀರಿ."

ಅವರು ಬೆಪ್ಪಾಗಿ ನನ್ನನ್ನು ನೋಡಿದರು. ಅವರಿಗೆ ಹೇಗೆ ಗೊತ್ತಾಗಬೇಕು? ಮೂವತ್ತೊಂದು ವರ್ಷದ ಹಿಂದೆ, ಮದುವೆಯ ವರ್ಷವೇ ಸೈರನ್ ಕೆಲಸಕ್ಕೆ ಸೇರಿದವರು. ಅಲ್ಲಿಂದ ಇಲ್ಲಿಯವರೆಗೆ ರೆಪ್ಪೆಗೆ ಏನೂ ಸೋಕಿಸಿಲ್ಲ. ಏನಾದರೂ ಕಂಡರೆ ಎಣಿಕೆ ತಪ್ಪೀತು ಎಂಬ ಭಯ. ಊರವರೆಲ್ಲ ಮನೆಯವರ ಕೈ ಹಿಡಿದು ಕೂತು ಕೆರೆ ಬಯಲು ನೋಡುವಾಗ ಈ ಮನುಷ್ಯ ಒಬ್ಬರೇ ಕೆಂಪು ನೋಡುತ್ತಾ ಎಣಿಸಿದ್ದಾರೆ. ರಜೆಯೂ ಇಲ್ಲ, ಪರಸ್ಥಳವೂ ಇಲ್ಲ. ತಮ್ಮ ಕರವಸ್ತ್ರವನ್ನು ಒದ್ದೆ ಮಾಡಿ ತಂದು ಹೆಂಡತಿಯ ರೆಪ್ಪೆಯನ್ನು ಮೆಲ್ಲಗೆ ಒರೆಸಿದರು.

"ತಪ್ಪಾಯ್ತು ಕಣೇ," ಅಂದರು. ಚಂಪಕ್ಕ ಎಡಗೈಯಿಂದ ಅವರ ಮಣಿಕಟ್ಟು ತಟ್ಟಿದಳು.

ಅಡುಗೆ ಕೋಣೆಗೆ ಕರೆದು ನಿಜವಾದ ವಿಷಯ ಹೇಳಿದರು. "ಅವ್ಳು ಯಾವಾಗ್ಲೂ ಒಂದೇ ತರ ಹಚ್ಕೋತಿದ್ಳು ಸಾವಂತ್ರಮ್ಮ. ಎಲ್ಲಿಗ್ ಹೋಗ್ತೀಯೇ ಅಂತ ಕೇಳಿದ್ರೆ ನಗೋಳು, ಅಷ್ಟೇ. ಒಂದ್ ದಿನಾನೂ ಬಿಳಿಹೊತ್ತಲ್ಲಿ ಅವ್ಳ ಪಕ್ಕ ಕೂತಿಲ್ಲ ನಾನು. ಎಲ್ಲೋ ಚೆನ್ನಾಗಿರೋ ಕಡೆ ಹೋಗ್ತಿದ್ಳು ಅನ್ಸತ್ತೆ. ಈಗ ಅಲ್ಲಿಗ್ ಹೋಗಕ್ಕಾಗ್ದೆ ಅಳ್ತಾಳೆ. ನನ್ನ ಬಿಟ್ಟು ಹೋಗ್ತಿದ್ಳಲ್ಲ ಅಂತ ಬೇಜಾರಿಲ್ಲ. ಅದೆಲ್ಲಿ ಅಂತ ಕಂಡುಹಿಡಿದು ಅಲ್ಲಿಗೆ ಕಳಿಸಿಕೊಡಿ ಅವ್ಳನ್ನ."

ಬೇಜಾರಿಲ್ಲ ಎಂದು ಹೇಳುವಾಗಲೇ ಮುಖ ಆಚೆ ತಿರುಗಿಸಿ ಡಬ್ಬಿಯ ಮುಚ್ಚಳ ಒರೆಸಿದರು. ನಾನು ಕಾಣದವಳ ಹಾಗೆ ಡಬ್ಬಿ ಈಸಿಕೊಂಡೆ.

ಆ ಡಬ್ಬಿಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಆರು ವರ್ಷದ ಹಿಂದೆ ಚಂಪಕ್ಕನ ತಂಗಿಯ ಮಗಳು ಯಾವುದೋ ದೂರದೇಶದ ವಿಮಾನ ನಿಲ್ದಾಣದ ಅಂಗಡಿಯಿಂದ ಕಳಿಸಿದ್ದಂತೆ. ಅದಕ್ಕೆ ಮುಂಚೆ ಇಟ್ಟಿಗೆ ಸುಣ್ಣ ಏನೇನೋ ಅರೆದು ಹಚ್ಚಿಕೊಳ್ಳುತ್ತಿದ್ದಳಂತೆ. ಡಬ್ಬಿ ನನ್ನ ಅಂಗೈಗಿಂತ ಸ್ವಲ್ಪ ದೊಡ್ಡದು, ಕಲ್ಲಿನಷ್ಟು ತೂಕ, ಮುಚ್ಚಳ ಮುಚ್ಚಿದರೆ ಬಾಯಿ ಮುಚ್ಚಿದಂತೆ ಒಂದು ಮೆತ್ತನೆಯ ಸದ್ದು. ಒಳಗೆ ಕನ್ನಡಿ, ಎರಡು ಸಾಲಿನಲ್ಲಿ ಹತ್ತು ಬಣ್ಣ. ಡಬ್ಬಿಯ ಬಣ್ಣ ಎಂದರೆ ಮೂಗು ಮುರಿಯುತ್ತಿದ್ದವಳು ನಾನು. ನನ್ನದೆಲ್ಲ ನಾನೇ ಅರೆದು, ಮಸ್ಲಿನ್ ಬಟ್ಟೆಯಲ್ಲಿ ಏಳು ಸಲ ಜರಡಿ ಹಿಡಿದದ್ದು. ಕೆನೆ ಬಣ್ಣಕ್ಕೆ ಬೆರಳು ತಾಗಿಸಿದೆ. ಬೆಣ್ಣೆ! ಬೆರಳಿಗೆ ಪುಡಿ ಹತ್ತಿದೆ ಎಂದು ತಿಳಿಯಲೇ ಇಲ್ಲ, ಕೈ ಮೇಲಿನ ಬೆಳಕೇ ಬದಲಾದಂತಾಯಿತು. ಇಪ್ಪತ್ತಾರು ವರ್ಷ ಅರೆದ ನನ್ನ ರಟ್ಟೆ ಒಮ್ಮೆಗೇ ನೋಯತೊಡಗಿತು. ಇಂಥದ್ದನ್ನು ಮಾಡಿದ ಕೈ ಯಾವುದೋ, ಅದಕ್ಕೊಂದು ನಮಸ್ಕಾರ ಅಂದುಕೊಂಡೆ.

ಮೊದಲ ದಿನ ನನ್ನ ಜಾಣತನವನ್ನೇ ನಂಬಿದೆ. ಹೆಂಗಸರು ಎಲ್ಲಿಗೆ ಹೋಗುತ್ತಾರೆ? ತವರಿಗೆ. ಚಂಪಕ್ಕನ ತವರು ಗುಡ್ಡದ ಬುಡದಲ್ಲಿ, ಎದುರಿಗೆ ಕೆರೆ, ಏರಿಯ ಮೇಲೆ ಹುಣಸೆಮರ ಎಂದು ಓಬಳಯ್ಯ ಹೇಳಿದರು. ನಾನು ಗೋಧಿ ಬಣ್ಣದ ಬಯಲು ಹಾಸಿದೆ, ಮಡಿಕೆಗೆ ಹುರಿದ ರಾಗಿಯ ಬಣ್ಣದ ಗುಡ್ಡ ಕೂರಿಸಿದೆ, ಒಳಮೂಲೆಗೆ ಹಳೇ ತಾಮ್ರದ ಮಿನುಗು ತಾಗಿಸಿ ಕೆರೆ ತುಂಬಿಸಿದೆ. ಹೊರಮೂಲೆಗೆ ಕಾಫಿ ಗಸಿಯಂಥ ಕಪ್ಪುಗಂದು, ಅದು ಹುಣಸೆಮರ. ಇಂಥ ಪುಡಿಯಲ್ಲಿ ಅಂಥ ಕೆಲಸ ನನ್ನ ಜನ್ಮದಲ್ಲಿ ಮಾಡಿರಲಿಲ್ಲ. ಸೈರನ್ ಕೂಗಿತು, ಮುಗಿಯಿತು ಎಂದು ಮತ್ತೆ ಕೂಗಿತು. ಕಣ್ಣು ಬಿಟ್ಟು ನೋಡಿದರೆ ಚಂಪಕ್ಕನ ಕೆನ್ನೆ ಒದ್ದೆ. ಬೆರಳು ಮಂಚದ ಅಂಚಿನ ಮೇಲೆ ಆಗಷ್ಟೇ ನಿಂತಿತ್ತು. ನನ್ನ ಕಡೆ ನೋಡಿ, ನೀನೇನೋ ಕಷ್ಟಪಟ್ಟೆ ಎನ್ನುವಂತೆ ಅರ್ಧ ಬಾಯಲ್ಲಿ ನಕ್ಕು ತಲೆಯಾಡಿಸಿದಳು. ಅಲ್ಲ, ಅದಲ್ಲ.

ನನಗೆ ರೇಗಿತು. ನನ್ನ ಕೈಕೆಲಸಕ್ಕೆ ಅಲ್ಲವೆಂದು ತಲೆಯಾಡಿಸಿದವರು ನಮ್ಮೂರಲ್ಲಿ ಅದುವರೆಗೆ ಹುಟ್ಟಿರಲಿಲ್ಲ.

ಡಬ್ಬಿಯನ್ನು ಕೇಳಿ ಮನೆಗೆ ತಂದೆ. ಇಳಿಬಿಸಿಲು ಬೀಳುವ ಕಿಟಕಿಯ ಬಳಿ ಕೂತು, ಈ ಸಲ ಬಣ್ಣಗಳನ್ನು ನೋಡದೆ, ಬಣ್ಣ ಇಲ್ಲದ ಕಡೆ ನೋಡಿದೆ. ಹಚ್ಚಿ ಹಚ್ಚಿ ಬಿದ್ದ ಕುಳಿಗಳು. ತಾಮ್ರದ ಮಿನುಗನ್ನು ಆಕೆ ಮುಟ್ಟೇ ಇರಲಿಲ್ಲ, ಮೇಲೆ ಅಚ್ಚೊತ್ತಿದ ಹೂವು ಹಾಗೇ ಇತ್ತು, ಮಧ್ಯಾಹ್ನದ ನನ್ನ ಬೆರಳಿನ ಗುರುತೊಂದು ಬಿಟ್ಟು. ಹಾಗಾದರೆ ಅಲ್ಲಿ ನೀರಿಲ್ಲ. ಗೋಧಿಯನ್ನೂ ಮುಟ್ಟಿಲ್ಲ, ಬಯಲಿಲ್ಲ. ಸುಣ್ಣದ ಬಿಳುಪು ಅರ್ಧ ಸವೆದಿತ್ತು. ತುಕ್ಕು ಒಂದು ಮೂಲೆಯಲ್ಲಿ ಮಾತ್ರ ಸವೆದಿತ್ತು, ಬ್ರಷ್ಷಿನ ತುದಿ ಮಾತ್ರ ತಾಗಿಸುತ್ತಿದ್ದಳು ಎಂದು ಲೆಕ್ಕ. ತೊಗಟೆ ಕಂದು ಅಡ್ಡಗೆರೆಯಂತೆ ತಗ್ಗಾಗಿತ್ತು. ಮತ್ತೆ ಕೆಳಸಾಲಿನ ಮೂರನೆಯದು. ಅದು ಒಣಹುಲ್ಲಿನ ಮೇಲೆ ಧೂಳು ಕೂತಂಥ ಬಣ್ಣ. ಕಂದೂ ಅಲ್ಲ, ಹಸಿರೂ ಅಲ್ಲ, ಯಾರ ಮುಖಕ್ಕೂ ಒಪ್ಪದ್ದು. ನನ್ನ ಅಂಗಡಿಯಲ್ಲಿ ಇಪ್ಪತ್ತಾರು ವರ್ಷದಲ್ಲಿ ಯಾರೂ ಅದನ್ನು ಕೇಳಿಲ್ಲ. ಅದು ಪೂರ್ತಿ ಸವೆದು ತಗಡಿನ ತಳ ಹೊಳೆಯುತ್ತಿತ್ತು, ಸುತ್ತ ಅಂಚಿನಲ್ಲಿ ಉಗುರಿನಷ್ಟು ಪುಡಿ ಉಳಿದಿತ್ತು.

ಕ್ರಮವನ್ನೂ ಡಬ್ಬಿಯೇ ಹೇಳಿಕೊಟ್ಟಿತು. ಆಕೆ ಒಂದೇ ಬ್ರಷ್ಷಿನವಳು. ತೊಗಟೆಯ ಕುಳಿಯಲ್ಲಿ ಸುಣ್ಣದ ಕಣಗಳಿದ್ದವು, ಧೂಳುಬಣ್ಣದ ಅಂಚಿನಲ್ಲಿ ತೊಗಟೆಯ ಕಣ, ತುಕ್ಕಿನ ಮೂಲೆಯಲ್ಲಿ ಧೂಳುಬಣ್ಣ. ಓಬಳಯ್ಯ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಹತ್ತಿಕಡ್ಡಿ ಬಳಸುವಷ್ಟು ಶಿಸ್ತಿನವರಾದ್ದರಿಂದ ಆ ಗುರುತುಗಳು ಉಳಿದಿದ್ದವು. ಮೊದಲು ಸುಣ್ಣ, ಆಮೇಲೆ ತೊಗಟೆ, ಆಮೇಲೆ ಆ ಹೆಸರಿಲ್ಲದ್ದು, ಕೊನೆಗೆ ತುಕ್ಕು. ಮಾತು ಹೋದ ಹೆಂಗಸಿನ ಕೈಬರಹ ಓದುತ್ತಿದ್ದೇನೆ ಅನ್ನಿಸಿತು.

ಮರುದಿನ ಓಬಳಯ್ಯ ಗೋಪುರಕ್ಕೆ ಹೊರಟ ಮೇಲೆ ಚಂಪಕ್ಕನ ಮುಂದೆ ಕೂತು ಸುಣ್ಣದ ಬಿಳುಪು ಎಳೆದೆ. ತೊಗಟೆ ಕಂದನ್ನು ಮಡಿಕೆಗೆ ಅಡ್ಡಲಾಗಿ ಇಟ್ಟು ಬೆರೆಸಿದೆ. ಬ್ರಷ್ಷಿನ ತುದಿಯನ್ನು ಆ ಧೂಳುಬಣ್ಣದ ಅಂಚಿಗೆ ತಾಗಿಸಿದ್ದೇ, ಚಂಪಕ್ಕನ ಕಣ್ಣು ಅರಳಿತು. ಎಡಗೈಯಿಂದ ನನ್ನ ಬ್ರಷ್ ಹಿಡಿದ ಕೈ ಹಿಡಿದು ರೆಪ್ಪೆಯ ನಟ್ಟನಡುವೆ ತಂದಿಟ್ಟಳು. ಇಲ್ಲಿ. ಸರಿ ಎಂದು ಅಲ್ಲೇ ಕೂರಿಸಿದೆ. ತುಕ್ಕು ಹೊರಮೂಲೆಗೆ ಚುಕ್ಕೆಯಷ್ಟು. ಆಮೇಲೆ ಕನ್ನಡಿ ನೋಡಿಕೊಂಡು ನನ್ನ ರೆಪ್ಪೆಗೂ ಅದನ್ನೇ ಅದೇ ಕ್ರಮದಲ್ಲಿ ಹಚ್ಚಿಕೊಂಡೆ. ಗುಬ್ಬಿಗಳು ಸುಮ್ಮನಾದವು. ಸೈರನ್ ಕೂಗಿತು. ಇಬ್ಬರೂ ಕಣ್ಣು ಮುಚ್ಚಿದೆವು.

ಸುಣ್ಣ ಬಳಿದ ಗೋಡೆ. ಮರದ ಏಣಿಮೆಟ್ಟಿಲು, ಅದರ ಮೂರನೇ ಮೆಟ್ಟಿಲಿನಲ್ಲಿ ಕೂತಿದ್ದೇನೆ ಅನ್ನುವಂತೆ ಕಾಣುತ್ತಿದೆ. ಮೂಲೆಯಲ್ಲಿ ತುಕ್ಕು ಹಿಡಿದ ದೊಡ್ಡ ಸೈರನ್, ಅದರ ಹಿಡಿ. ಹಿಡಿಯ ಮೇಲೆ ಒಂದು ಕೈ. ನಟ್ಟನಡುವೆ, ಕತ್ತಿನ ತನಕ ಗುಂಡಿ ಹಾಕಿದ ಖಾಕಿ ಅಂಗಿಯಲ್ಲಿ, ಓಬಳಯ್ಯ. ಕಣ್ಣು ಮುಚ್ಚಿದೆ. ತುಟಿ ಅಲ್ಲಾಡುತ್ತಿದೆ.

ನಾನು ಎಂಥೆಂಥ ಜಾಗಗಳನ್ನು ನೋಡಿದ್ದೇನೆ. ಹಿಮ ಬಿದ್ದ ಬೆಟ್ಟ, ಹಡಗು ನಿಂತ ಬಂದರು, ಹಂಸಗಳಿರುವ ಅರಮನೆಯ ಕೊಳ. ಆ ಕಾಲು ಗಂಟೆಯ ಮುಂದೆ ಅವೆಲ್ಲ ಏನೂ ಅಲ್ಲ. ಒಬ್ಬ ಮನುಷ್ಯ ಊರಿಗೋಸ್ಕರ ಎಣಿಸುವುದನ್ನು ನೋಡುತ್ತಾ ಕೂರುವುದು. ಬೇರೇನೂ ಆಗುವುದಿಲ್ಲ. ಒಂದು ಸಲ ಕೆನ್ನೆಯ ಮೇಲೆ ನೊಣ ಕೂತಿತು, ಆತ ಓಡಿಸಲಿಲ್ಲ. ತುಟಿಯ ಮೇಲೆ ಇನ್ನೂರು ದಾಟುವಾಗ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸಿದರು. ಆಗ ನನ್ನ ಪಕ್ಕದಲ್ಲಿ ಮಂಚದ ಮೇಲೆ ಬೆರಳು ಕುಟ್ಟುವುದು ಕೇಳಿತು. ಟಕ್, ಟಕ್, ಟಕ್. ಒಳಗೆ ತುಟಿ ಅಲ್ಲಾಡಿದಾಗಲೆಲ್ಲ ಹೊರಗೆ ಒಂದು ಟಕ್. ಇದು ಬಾಗಿಲು ತಟ್ಟುವುದಲ್ಲ. ಈಕೆ ಎಣಿಸುತ್ತಿದ್ದಾಳೆ. ಗೋಡೆಯೊಳಗೆ ಕೂರಿಸಿದಾಗಲೂ, ಆತ ಕಾಣದಿದ್ದರೂ, ಎಣಿಸುವುದನ್ನು ಬಿಟ್ಟಿಲ್ಲ.

ಎರಡನೇ ಸೈರನ್ ಆದ ಮೇಲೆ ಕಣ್ಣು ಬಿಟ್ಟರೆ ನಾನೇ ಅಳುತ್ತಿದ್ದೆ. ಚಂಪಕ್ಕನ ಕಣ್ಣು ಒಣಗಿತ್ತು, ಮುಖ ತಣ್ಣಗಿತ್ತು. ನನ್ನನ್ನು ನೋಡಿ ಅರ್ಧ ಬಾಯಲ್ಲಿ ನಕ್ಕಳು. ಗುಟ್ಟು ಗೊತ್ತಾಯಿತಾ ಎನ್ನುವ ನಗು.

ಓಬಳಯ್ಯ ಮೆಟ್ಟಿಲಿಳಿದು ಓಡುತ್ತಲೇ ಬಂದರು. "ಅತ್ಲಾ?"

"ಇಲ್ಲ."

"ಸಿಕ್ತಾ ಹಂಗಾರೆ? ಎಲ್ಲಮ್ಮ ಅದು? ಭಾರಿ ಚೆನ್ನಾಗೈತಾ?"

"ಭಾರಿ ಚೆನ್ನಾಗೈತೆ," ಅಂದೆ. ಮುಂದೆ ಹೇಳಲು ಬಾಯಿ ತೆರೆದೆ, ಚಂಪಕ್ಕ ನನ್ನ ಸೆರಗು ಜಗ್ಗಿದಳು. ಆಮೇಲೆ ಗಂಡನ ಕಡೆ ಕೈ ಚಾಚಿ, ಬಗ್ಗಿದ ಅವರ ರೆಪ್ಪೆಯ ಮೇಲೆ ತೋರುಬೆರಳು ಇಟ್ಟಳು.

"ನೀವೇ ಬಂದು ನೋಡ್ಬೇಕಂತೆ," ಅಂದೆ ನಾನು.

"ಅಯ್ಯೋ, ಎಲ್ಲಾದ್ರೂ ಉಂಟಾ? ಎಣಿಕೆ ತಪ್ಪಿದ್ರೆ? ಊರ್ ಊರೇ ಕಣ್ಣು ಮುಚ್ಕೊಂಡು ಕೂತಿರ್ತದೆ. ಯಾವನಾದ್ರೂ ತಾಳ್ಮೆಗೆಟ್ಟು ಬಿಟ್ರೆ ಆ ಪಾಪ ನನ್ ತಲೆ ಮೇಲೆ."

ಚಂಪಕ್ಕ ಬೆರಳು ತೆಗೆಯಲಿಲ್ಲ. ಮೂವತ್ತೊಂದು ವರ್ಷದಲ್ಲಿ ಆಕೆ ಕೇಳಿದ್ದು ಅದೊಂದೇ ಇರಬೇಕು. ಓಬಳಯ್ಯ ಬಗ್ಗಿದಲ್ಲೇ, ಆಗಲಿ ಎಂದು ಮಕ್ಕಳಂತೆ ತಲೆಯಾಡಿಸಿದರು. ನಾನು ತಡೆಯಬೇಕಿತ್ತು. ತಡೆಯಲಿಲ್ಲ. ಊರಿನ ಕಣ್ಣಿಗಿಂತ, ಗುಟ್ಟು ತಿಳಿದಾಗಿನ ಅವರ ಮುಖ ನೋಡುವ ಆಸೆಯೇ ನನಗೆ ದೊಡ್ಡದಾಯಿತು. ಅದು ನನ್ನ ತಪ್ಪೇ.

ಮರುದಿನ ಮೂವರಿಗೂ ಹಚ್ಚಿದೆ. ತಗಡಿನ ಅಂಚಿನಲ್ಲಿ ಉಳಿದಿದ್ದ ಧೂಳುಬಣ್ಣ ಮೂವರಿಗೆ ಸರಿಯಾಗಿ ಸಾಕಾಯಿತು. ಓಬಳಯ್ಯನವರ ರೆಪ್ಪೆ ಮೂವತ್ತೊಂದು ವರ್ಷ ಕೆಂಪು ಬಿಟ್ಟರೆ ಬೇರೆ ಕಾಣದ ರೆಪ್ಪೆ. ಬ್ರಷ್ ತಾಗಿದಾಗ ಕುರಿಮರಿಯ ಕಿವಿಯಂತೆ ಪಟಪಟ ಅಂದಿತು. "ಸುಮ್ನಿರಿ ಓಬಳಯ್ಯೋರೆ," ಎಂದು ಗದರಿದೆ. ಅವರು ಹೋದರು. ಸೈರನ್ ಕೂಗಿತು.

ಗೋಡೆ, ಮೆಟ್ಟಿಲು, ಸೈರನ್, ಖಾಕಿ. ತುಟಿ ಅಲ್ಲಾಡುತ್ತಿದೆ. ಮಂಚದ ಮೇಲೆ ಟಕ್, ಟಕ್. ಮೊದಮೊದಲು ಆತ ಏನು ಕಂಡರೂ ಕಾಣದವರಂತೆ ಎಣಿಕೆಯನ್ನು ಹಲ್ಲುಕಚ್ಚಿ ಹಿಡಿದಿದ್ದರು. ಹುಬ್ಬು ಗಂಟಿಕ್ಕಿತ್ತು. ನೂರು, ಇನ್ನೂರು, ಮುನ್ನೂರು. ಆಮೇಲೆ ಹುಬ್ಬು ಮೆಲ್ಲಗೆ ಸಡಿಲವಾಯಿತು. ತಮ್ಮನ್ನೇ ತಾವು ನೋಡಿಕೊಳ್ಳುತ್ತಿದ್ದಾರೆ ಎಂದು ತಿಳಿಯಿತು. ನಾವು ನೋಡುತ್ತಿದ್ದಲ್ಲಿಂದಲೇ, ಮೂರನೇ ಮೆಟ್ಟಿಲಿನಿಂದಲೇ. ಎಲ್ಲಿಂದ ನೋಡುತ್ತಿದ್ದೇನೆ ಎಂದು ಹೊಳೆದಿರಬೇಕು, ಮುಚ್ಚಿದ ಕಣ್ಣಿನ ಮುಖ ನಿಧಾನಕ್ಕೆ ಮೆಟ್ಟಿಲ ಕಡೆ ತಿರುಗಿತು. ತುಟಿ ನಿಂತಿತು.

ಆ ಮುಖವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ದೇವರ ಮುಂದೆ ನಿಂತವರ ಮುಖದಲ್ಲೂ ಅಂಥ ಬೆರಗು ಕಂಡಿಲ್ಲ. ಕೈ ಹಿಡಿಯನ್ನು ಬಿಟ್ಟಿತು. ತನ್ನ ಅಂಗಿಯ ಎದೆ ಮುಟ್ಟಿ ನೋಡಿಕೊಂಡಿತು. ಆಮೇಲೆ ಮೆಟ್ಟಿಲ ಕಡೆ ಚಾಚಿತು, ಖಾಲಿ ಮೆಟ್ಟಿಲಿನ ಕಡೆ.

ಎಣಿಕೆ ಹೋಯಿತು. ಊರು ಪೂರ್ತಿ ಕಣ್ಣು ಮುಚ್ಚಿ ಕೂತಿದೆ, ಬಸ್ಸಿನ ಡ್ರೈವರು ಸ್ಟೇರಿಂಗಿನ ಮೇಲೆ ತಲೆಯಿಟ್ಟಿದ್ದಾನೆ, ಶಾಲೆಯಲ್ಲಿ ಇನ್ನೂರು ಮಕ್ಕಳು. ಬೆಳಕು ಇಳಿಯಿತೋ ಇಲ್ಲವೋ ಹೇಳುವವರು ಯಾರೂ ಇಲ್ಲ. ಕೂಗೋಣವೆಂದರೆ ಏನೆಂದು ಕೂಗಲಿ, ಎಷ್ಟಾಯಿತೆಂದು ನನಗೇ ಗೊತ್ತಿಲ್ಲ. ಆದರೆ ಪಕ್ಕದಲ್ಲಿ ಟಕ್, ಟಕ್ ನಿಂತಿರಲಿಲ್ಲ. ಒಂದಿಷ್ಟೂ ಅವಸರವಿಲ್ಲ, ಒಂದಿಷ್ಟೂ ತಡವಿಲ್ಲ. ನಾನು ಅದಕ್ಕೇ ಜೋತುಬಿದ್ದು ಕೂತೆ.

ಯಾವಾಗಲೋ ಬೆರಳು ನಿಂತಿತು. ಸೈರನ್ ಇಲ್ಲ. ಚಂಪಕ್ಕ ಒಂದು ಉಸಿರು ಕಾದಳು. ಆಮೇಲೆ ಏನೋ ತಡಕಾಡುವ ಸದ್ದು, ನೀರು ಚೆಲ್ಲಿದ ಸದ್ದು, ಮರುಗಳಿಗೆಗೆ ಹಿತ್ತಾಳೆ ಲೋಟ ಮಂಚದ ಕಬ್ಬಿಣಕ್ಕೆ ಬಡಿಯಿತು. ಠಣ್! ಎಡಗೈಯಲ್ಲಿ, ಇದ್ದ ಬಲವನ್ನೆಲ್ಲ ಹಾಕಿ. ಠಣ್! ಠಣ್!

ಆ ಹೊತ್ತಿನಲ್ಲಿ ನಮ್ಮೂರಲ್ಲಿ ಎಲೆ ಬಿದ್ದರೂ ಕೇಳುತ್ತದೆ. ಪಕ್ಕದ ಮನೆಯವರು ಏನೆಂದುಕೊಂಡರೋ, ಕೈಗೆ ಸಿಕ್ಕ ತಟ್ಟೆ ಬಡಿದರು. ಅವರದ್ದು ಕೇಳಿ ಎದುರುಮನೆಯವರು. ಯಾಕೆಂದು ಯಾರಿಗೂ ಗೊತ್ತಿಲ್ಲ, ಯಾರೂ ಕಣ್ಣು ಬಿಟ್ಟಿಲ್ಲ. ತಟ್ಟೆ, ಸೌಟು, ಕೊಡ, ಬೀದಿಯಿಂದ ಬೀದಿಗೆ, ಪೇಟೆ ದಾಟಿ, ಬಸ್ಸಿನ ಹಾರನ್ನೂ ಸೇರಿಕೊಂಡಿತು. ಊರು ಕಣ್ಣು ಮುಚ್ಚಿಕೊಂಡೇ ಗೋಪುರದ ಕಡೆ ಮೊಳಗಿತು. ನಾನು ಹುಟ್ಟಿದ ಊರಿಗೆ ಇಂಥ ದನಿ ಇದೆ ಎಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಒಳಗೆ, ಸುಣ್ಣದ ಗೋಡೆಯ ಮುಂದೆ, ಖಾಕಿ ಅಂಗಿ ಬೆಚ್ಚಿಬಿದ್ದು ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿತು. ಸೈರನ್ ಕೂಗಿತು.

ಕಣ್ಣು ಬಿಟ್ಟೆವು. ಬೆಳಕು ಎಂದಿನ ಬಿಸಿಲಿನಷ್ಟೇ ಇತ್ತು. ಯಾರ ಕಣ್ಣಿಗೂ ಏನೂ ಆಗಿರಲಿಲ್ಲ. ಚಂಪಕ್ಕ ಹೊದಿಕೆ ಒದ್ದೆ ಮಾಡಿಕೊಂಡು, ಲೋಟ ಹಿಡಿದೇ ಏದುಸಿರು ಬಿಡುತ್ತಿದ್ದಳು.

ಓಬಳಯ್ಯ ಬಂದರು. ಕಂದು ಬಿಳಿ ಎಲ್ಲ ಕಲಸಿ ಕೆನ್ನೆಯ ಮೇಲೆ ಇಳಿದಿತ್ತು. ನಾನಿದ್ದೇನೆ ಎನ್ನುವುದು ಅವರಿಗೆ ಕಾಣಲಿಲ್ಲ. ಮಂಚದ ಪಕ್ಕ ನೆಲದ ಮೇಲೆ ಕುಕ್ಕರಿಸಿದರು.

"ಅಲ್ಲೇ ಕೂತಿದ್ಯೇನೇ?" ಅಂದರು. "ಇಷ್ಟ್ ವರ್ಷನೂ ಅಲ್ಲೇ?"

ಚಂಪಕ್ಕ ಹೌದು ಎಂದು ಕಣ್ಣು ಮುಚ್ಚಿ ತೆರೆದಳು.

"ನಾನೊಬ್ನೇ ಎಣಿಸ್ತಿದ್ದೀನಿ ಅನ್ಕೊಂಡಿದ್ನಲ್ಲೇ." ಮೂಗು ಒರೆಸಿಕೊಂಡರು. ಆಮೇಲೆ ಕೆಲಸ ಕೆಡಿಸಿದವರ ನಾಚಿಕೆ ಬಂತು. "ತಪ್ಪೋಯ್ತು ಕಣೆ. ಎಲ್ಲಿಗ್ ತಪ್ತು ಅನ್ನೋದೂ ಗೊತ್ತಾಗ್ಲಿಲ್ಲ."

ಚಂಪಕ್ಕ ಲೋಟವನ್ನು ಪಕ್ಕಕ್ಕಿಟ್ಟಳು. ಅವರ ಕೈಯನ್ನು ತನ್ನ ಕಡೆಗೆ ಎಳೆದುಕೊಂಡು, ಅಂಗೈ ಮೇಲೆ ಮಾಡಿ, ಅದರ ಮೇಲೆ ಬೆರಳಿನಲ್ಲಿ ನಾಲ್ಕು ಸಲ ಕುಟ್ಟಿದಳು. ತಡೆದು, ಒಂದು ಸಲ. ಮತ್ತೆ ತಡೆದು, ಎರಡು ಸಲ.

ನಾನೂರ ಹನ್ನೆರಡು.